ಎಳೆಯರೊಡನೆ ಸತ್ಯ

ಹಿತಕ್ಕಾಗಿ ಆಡಿದ ಸುಳ್ಳು ದೋಷವಲ್ಲವೆಂದು ಲೋಕದಲ್ಲೊಂದು ಮಾತುಂಟು. ಅದರ ಬಳಕೆ ಅತಿಶಯವಾಗಿರುವುದು ಇನ್ನೂ ಶಾಲೆಯ ಹೊಸ್ತಿಲನ್ನು ತುಳಿಯದ ಮಕ್ಕಳೊಡನೆ. ಆ ಮಾತು ನಿಲ್ಲತಕ್ಕುದೇ ಎಂಬುದನ್ನು ಸದ್ಭಕ್ತರಾದ ಗೃಹಸ್ಥರು ವಿಚಾರಿಸಿ ನೋಡಬೇಕು.

ನಮ್ಮ ಇಟ್ಟಿಗಿ, ಹಡಗಲಿ, ಕೊಟ್ಟೂರು ಸೀಮೆಯಲ್ಲಿ ಶಾಲೆ ತೆರೆಯುವ ಕಾಲವೂ ಮೃಗಶಿರಾ ಮಳೆಯ ಬಿತ್ತನೆಯ ಕಾಲವೂ ಹೆಚ್ಚುಕಡಮೆ ಒಂದೇ. ತಂದೆ ಕೂರಿಗೆಯ ಹಿಂದೆ. ತಾಯಿ ಬೆಳಕು ಹರಿಯುವ ಮುನ್ನವೇ ಮಲ್ಲಿಗೆಯ ತೋಟದಲ್ಲಿ. ಗುಳೆ ಹೋದವರ ಮಕ್ಕಳಂತೂ ಅಜ್ಜ ಅಜ್ಜಿಯರ ಮಡಿಲಲ್ಲಿ. ಕೂಸಿನ ಅಳುವಿಗೆ ಕಿವಿಗೊಡಲು ಯಾರಿಗೂ ಬಿಡುವಿಲ್ಲ. ಆಗ ಸುಲಭವಾಗಿ ಕೈಗೆ ಸಿಕ್ಕುವುದು ಸುಳ್ಳು. “ಹಠ ಮಾಡಿದ್ರ ಸಾಲಿಗೆ ಹಾಕಿಬಿಡ್ತೀನಿ, ಮಾಸ್ತರು ಚರ್ಮ ಸುಲೀತಾರ” ಎಂದು ವರ್ಷವಿಡೀ ಬೆದರಿಸಿದ ತಾಯಿಯೇ ಒಂದು ಮುಂಜಾನೆ “ಸಾಲಿ ಭಾಳ ಚೆಂದ ಐತಿ, ನಡಿ” ಎನ್ನುತ್ತಾಳೆ. ಮಗು ಯಾವ ಮಾತನ್ನು ನಂಬಬೇಕು? ಮೂವತ್ತು ವರ್ಷ ಪಾಠ ಹೇಳಿದ ನನ್ನನ್ನು ಕಂಡು ನಡುಗಿದ ಎಳೆಯರೆಷ್ಟೋ. ನಾನು ಯಾರ ಚರ್ಮವನ್ನೂ ಸುಲಿದವನಲ್ಲ.

ಪರರನ್ನು ಹಳಿದು ಫಲವೇನು? ನನ್ನ ಮೊಮ್ಮಗನನ್ನು ಮೊದಲ ದಿನ ಶಾಲೆಗೆ ಕರೆದೊಯ್ದಾಗ “ಇಲ್ಲೇ ಕಿಟಕಿಯ ಹತ್ತಿರ ನಿಂತಿರುತ್ತೇನೆ” ಎಂದು ಹೇಳಿ, ಅವನು ಅತ್ತ ತಿರುಗಿದೊಡನೆ ಹೊರಟು ಬಂದೆನು. ಅವನು ಮಧ್ಯಾಹ್ನದವರೆಗೂ ಕಿಟಕಿಯನ್ನು ಬಿಟ್ಟು ಕದಲಲಿಲ್ಲವಂತೆ. ನುಡಿ ನಡೆಗಳ ಏಕತೆಯನ್ನು ಸಭೆಗಳಲ್ಲಿ ವ್ಯಾಖ್ಯಾನಿಸುವ ನಾನು ನಾಲ್ಕು ವರ್ಷದ ಕೂಸಿನ ಮುಂದೆ ಸಿಕ್ಕಿಬಿದ್ದೆನು. ಶರಣರು ಆ ಏಕತೆಯನ್ನು ವಿಧಿಸಿದಾಗ ಕೇಳುವವನ ವಯಸ್ಸನ್ನು ಎಣಿಸಿದರೇ?

ಶಾಲೆಗೆ ಅಣಿಗೊಳಿಸುವುದೆಂದರೆ ಅಕ್ಷರವನ್ನು ಅವಸರದಿಂದ ತುರುಕುವುದಲ್ಲ. ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸುವ ಸಂಸ್ಕಾರವಿರಲಿ. ಆದರೆ ಮಗು ತನ್ನ ಕೈಯಿಂದ ಉಣ್ಣಲು, ತನ್ನ ಹೆಸರು ಊರು ಹೇಳಲು, ಮೂತ್ರಕ್ಕೆ ಹೋಗಬೇಕೆಂದು ಸಂಕೋಚವಿಲ್ಲದೆ ಕೇಳಲು ಕಲಿತಿರುವುದು ಅದಕ್ಕಿಂತ ಮುಂಚಿನ ಅಗತ್ಯ. ಎಂಟು ದಿನ ಮೊದಲೇ ಶಾಲೆಯ ದಾರಿ, ನೀರಿನ ತಾಣ, ಶೌಚಾಲಯಗಳನ್ನು ತೋರಿಸಬೇಕು. ಅಜ್ಜಿಯ ಕಥೆ, ಶೇಂಗಾಕಾಯಿಯನ್ನು ಎಣಿಸುವ ಆಟ, ಇವೇ ಸಾಕಾದಷ್ಟು ವಿದ್ಯೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಭಯ ದಂಡನೆಗಳನ್ನು ದೂರವಿಟ್ಟು ಕಥೆ ಆಟಗಳಿಂದಲೇ ಕಲಿಸಿದರು. 1975ರಲ್ಲಿ ಆರಂಭವಾದ ಯೋಜನೆಯಿಂದ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದಿವೆ. ಅಲ್ಲಿಯ ಆಟವನ್ನು ಕಾಲಹರಣವೆಂದು ಜರೆಯುವವರು ಎಳೆಯರ ಸ್ವಭಾವವನ್ನು ಅರಿಯದವರು.

ಇನ್ನೊಂದು ಅಸತ್ಯವೂ ಉಂಟು. ನಮ್ಮ ತಲೆಮಾರಿನ ಅನೇಕರಿಗೆ ಜೂನ್ 1 ಜನ್ಮದಿನ. ಅದು ಹೆತ್ತ ತಾಯಿ ಅರಿಯದ, ದಾಖಲೆಗಾಗಿ ಬರೆಸಿದ ದಿನ! ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಸರ್ಕಾರ 2025-26ನೆಯ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗ ಪಾಲಕರು ಹಿಗ್ಗಿದರು. ಏಳು ತಿಂಗಳ ಉಳಿತಾಯಕ್ಕಾಗಿ ಇಷ್ಟು ತವಕವೇಕೋ ನನಗೆ ತಿಳಿಯದು.

ಮರುದಿನ ಮೊಮ್ಮಗನಿಗೆ ನಿಜವನ್ನೇ ಹೇಳಿದೆನು: “ನಾನು ಮನೆಗೆ ಹೋಗುತ್ತೇನೆ. ಊಟದ ಗಂಟೆ ಹೊಡೆದಾಗ ಬರುತ್ತೇನೆ.” ಅವನು ಹಿಂದಿನ ದಿನಕ್ಕಿಂತ ಹೆಚ್ಚಾಗಿಯೇ ಅತ್ತನು. ಗಂಟೆಗೆ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆನು. ಹೀಗೆ ಹತ್ತು ಹನ್ನೆರಡು ದಿನ ಕಳೆದರೂ “ಅಜ್ಜಾ, ಖರೇನ ಬರ್ತೀಯಾ?” ಎಂಬ ಪ್ರಶ್ನೆ ತಪ್ಪಲಿಲ್ಲ. ಆಮೇಲೊಂದು ದಿನ ಕೇಳದೆಯೇ ಒಳಗೆ ಹೋದನು.