ವೈರಾಗ್ಯಪೀಠಕ್ಕೆ ಹೊರಟವರ ಗಂಟು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವು ಒಂದು ಪ್ರಯಾಣದ ವೃತ್ತಾಂತವನ್ನು ಹೇಳುತ್ತದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಕ್ರಿ. ಶ. 5ನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿಯು ರಚಿಸಿದ ಆ ಸಂಸ್ಕೃತ ಶಾಸನದಂತೆ, ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ವೇದಾಧ್ಯಯನವನ್ನು ಪೂರೈಸುವ ಸಲುವಾಗಿ ಪಲ್ಲವರ ಕಾಂಚೀನಗರದ ಘಟಿಕೆಗೆ ಹೋದನು. ಹೊರಟಾಗ ಅವನದು ದರ್ಭೆ ಸಮಿಧೆಗಳಿಗೆ ಒಗ್ಗಿದ ಕೈ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾಗಿ, ಅಪಮಾನವನ್ನು ಸಹಿಸಲಾರದೆ ಅದೇ ಕೈಯಿಂದ ಖಡ್ಗವನ್ನು ಹಿರಿದು, ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ದುರ್ಗಮಾರಣ್ಯವನ್ನು ವಶಮಾಡಿಕೊಂಡನು. ಶತಮಾನಗಳು ಕಳೆದವು. 12ನೆಯ ಶತಮಾನದಲ್ಲಿ ಇದೇ ಸೀಮೆಯ ಉಡುತಡಿಯಿಂದ ಅಕ್ಕಮಹಾದೇವಿಯವರು ಹೊರಟು, ಕಲ್ಯಾಣದ ಅನುಭಾವಗೋಷ್ಠಿಯನ್ನು ಹಾದು, ಅದೇ ಶ್ರೀಪರ್ವತದ ಕದಳಿಯನ್ನು ಹೊಕ್ಕರು. ಅವರ ಸಂಗಡ ಇದ್ದುದು ಕರಸ್ಥಲದ ಲಿಂಗವೊಂದೇ. ಬೆಟ್ಟವು ಒಂದೇ, ಒಬ್ಬನ ಕೈಯಲ್ಲಿ ಖಡ್ಗ, ಒಬ್ಬರ ಕೈಯಲ್ಲಿ ಲಿಂಗ.

ಈ ಸೀಮೆಯ ಗೃಹಸ್ಥ ಭಕ್ತರು ಈಗ ಅದಕ್ಕಿಂತಲೂ ದೂರದ, ಅದಕ್ಕಿಂತಲೂ ಎತ್ತರದ ಪರ್ವತಕ್ಕೆ ಹೋಗುತ್ತಾರೆ. ಪಂಚಪೀಠಗಳಲ್ಲಿ ವೈರಾಗ್ಯಪೀಠವೆಂದು ಪ್ರಸಿದ್ಧವಾದ ಹಿಮವತ್ಕೇದಾರದ ಹೆಸರು ಇಲ್ಲಿಯವರಿಗೆ ಹೊಸದಲ್ಲ. ತಾಳಗುಂದಕ್ಕೆ ಸಮೀಪದ ಬಳ್ಳಿಗಾವೆಯ ಕೇದಾರೇಶ್ವರನನ್ನು ಶಾಸನಗಳು ದಕ್ಷಿಣ ಕೇದಾರೇಶ್ವರನೆಂದೇ ಕೊಂಡಾಡಿವೆ. ಆದರೆ ದಕ್ಷಿಣ ಕೇದಾರಕ್ಕೆ ಬುತ್ತಿಯೂ ಬೇಡ, ಕೊಡೆಯೊಂದಿದ್ದರೆ ಸಾಕು. ಉತ್ತರದ ಕೇದಾರವಾದರೋ ಸಮುದ್ರಮಟ್ಟದಿಂದ ಸುಮಾರು 11,700 ಅಡಿ ಎತ್ತರದಲ್ಲಿದೆ. ಹರಿದ್ವಾರ, ಹೃಷೀಕೇಶ, ರುದ್ರಪ್ರಯಾಗ, ಗುಪ್ತಕಾಶಿಗಳನ್ನು ದಾಟಿ ಗೌರೀಕುಂಡದವರೆಗೆ ಗಾಡಿಯ ದಾರಿ. ಅಲ್ಲಿಂದ ಮುಂದೆ ಸುಮಾರು 16 ಕಿಲೋಮೀಟರು ಏರುದಾರಿ. ಮಂದಾಕಿನಿಯ ಕಣಿವೆಯ ಆ ದಾರಿಯಲ್ಲಿ ಬಿಸಿಲು, ಮಂಜು, ಮಳೆ, ಆಲಿಕಲ್ಲುಗಳು ಒಂದೇ ಹಗಲಿನಲ್ಲಿ ಬಂದುಹೋಗುವುದುಂಟು. ಇಂತಹ ನಾಡಿಗೆ ಹೋಗುವವರು ಕಟ್ಟಿಕೊಳ್ಳಬೇಕಾದ ಗಂಟು ಯಾವುದು?

ಅದಕ್ಕೆ ಮೊದಲು ಒಂದು ಶಂಕೆಯನ್ನು ಪರಿಹರಿಸಬೇಕು. ಎದೆಯ ಮೇಲೆ ಇಷ್ಟಲಿಂಗವಿರುವವನಿಗೆ ಬೆಟ್ಟವನ್ನೇರಿ ಕಾಣಬೇಕಾದ ದೇವರು ಬೇರೆ ಯಾರು? ದೇಹವನ್ನೇ ದೇಗುಲವಾಗಿ ಕಂಡ ಶರಣರ ಸಂತತಿಯವರು ಸ್ಥಾವರವನ್ನು ಅರಸಿ ಹೋಗಬಹುದೇ? ಶಂಕೆಯು ಯುಕ್ತವಾದುದೇ. ಶಿವನು ಅಲ್ಲಿದ್ದಾನೆ, ಇಲ್ಲಿಲ್ಲವೆಂಬ ಭಾವದಿಂದ ಹೊರಡುವವನಿಗೆ ಕೇದಾರದಲ್ಲಿಯೂ ಅವನು ದೊರೆಯಲಾರನು. ಆದರೆ ಗುರುಪರಂಪರೆಯ ಸ್ಥಾನವನ್ನು ಕಂಡು ನಮಸ್ಕರಿಸುವುದು, ಮನೆಯ ಸುಖವನ್ನು ಕೆಲವು ದಿನ ಬಿಟ್ಟು ದೇಹವನ್ನು ದಂಡಿಸಿ ನಡೆಯುವುದು, ಹಾದಿಯ ಜನರಲ್ಲಿ ಜಂಗಮವನ್ನು ಕಾಣುವುದು, ಇವು ಲಿಂಗನಿಷ್ಠೆಗೆ ವಿರುದ್ಧವಲ್ಲ. ಲಿಂಗವನ್ನು ಕಾಣಲು ಹೋಗುವುದಲ್ಲ, ಲಿಂಗವು ಸಂಗಡ ಬರುತ್ತದೆ ಎಂಬ ತಿಳಿವೊಂದಿದ್ದರೆ ಸಾಕು. ಅದಿಲ್ಲದವರು ಮನೆಯಲ್ಲಿದ್ದು ದಾಸೋಹ ಮಾಡುವುದೇ ಮೇಲು.

ಆದಕಾರಣ ಗಂಟಿನಲ್ಲಿ ಮೊದಲನೆಯದು ಲಿಂಗಪೂಜೆಯ ಸಾಧನ. ಅದು ಒಂದು ಬೊಗಸೆಗೆ ಮೀರತಕ್ಕದ್ದಲ್ಲ. ಎಡೆಬಿಡದ ಮಳೆಯಲ್ಲಿ ಬೆವರೂ ನೀರೂ ಸೇರಿ ನೂಲಿನ ಶಿವದಾರವು ಬಹುಬೇಗ ಜೀರ್ಣವಾಗುತ್ತದೆ. ಹೊರಡುವ ಮುನ್ನ ಹೊಸ ಶಿವದಾರವನ್ನು ಹಾಕಿಕೊಂಡು, ಇನ್ನೊಂದನ್ನು ಒಣಗಿದ ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳತಕ್ಕದ್ದು. ಕರಡಿಗೆಯು ಅಂಗಿಯ ಒಳಗಡೆ, ಮೈಗೆ ತಗುಲಿಯೇ ಇರಬೇಕು. ಮೇಲಂಗಿಯ ಜೇಬಿನಲ್ಲಾಗಲಿ ಚೀಲದಲ್ಲಾಗಲಿ ಅಲ್ಲ. ಜಾರುವ ದಾರಿಯಲ್ಲಿ ಚೀಲವು ಯಾವ ಕಣಿವೆಗೆ ಬಿದ್ದೀತೆಂದು ಹೇಳಬಲ್ಲವರಾರು? ವಿಭೂತಿಯ ಗಟ್ಟಿಗೆ ನೀರು ತಗುಲಿದರೆ ಕರಗಿ ಕೆಸರಾಗುತ್ತದೆ. ಬಿಗಿಮುಚ್ಚಳದ ಸಣ್ಣ ಡಬ್ಬಿಯಲ್ಲಿ ಅದನ್ನು ಇಡಬೇಕು. ಬಿಲ್ವವೃಕ್ಷವು ಅಷ್ಟು ಎತ್ತರದ ಚಳಿಯಲ್ಲಿ ಬೆಳೆಯುವುದಿಲ್ಲ. ಊರಿನ ಬಿಲ್ವಪತ್ರೆಯನ್ನು ನೆರಳಿನಲ್ಲಿ ಒಣಗಿಸಿ ಒಯ್ಯಬಹುದು. ಒಣಗಿದುದೆಂಬ ದೋಷವು ಬಿಲ್ವಕ್ಕೆ ಇಲ್ಲವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಗಿಂಡಿ, ಒಂದು ಪೂಜಾವಸ್ತ್ರ. ಇಷ್ಟರ ಹೊರತು ಬೆಳ್ಳಿಯ ತಟ್ಟೆ, ಗಂಟೆ, ಆರತಿಯ ಪರಿಕರಗಳನ್ನು ಹೊರುವವರು ಇರುತ್ತಾರೆ. ಅವು ಪೂಜೆಗಲ್ಲ, ಸಹಯಾತ್ರಿಕರ ಕಣ್ಣಿಗೆ.

ಇನ್ನು ದೇಹರಕ್ಷಣೆಯ ವಿಷಯ. ಮಲೆನಾಡಿನವರಿಗೆ ಮಳೆಯ ವಿಷಯದಲ್ಲಿ ಒಂದು ಅಭಿಮಾನವಿರುತ್ತದೆ. ಆಗುಂಬೆಯ ಮಳೆಯನ್ನು ಕಂಡ ಜಿಲ್ಲೆಯವರಿಗೆ ಹಿಮಾಲಯದ ಮಳೆಯು ಯಾವ ಲೆಕ್ಕವೆಂದು ನಗುವವರಿದ್ದಾರೆ. ಈ ನಗೆಯು ಅಪಾಯಕರವಾದುದು. ಆಷಾಢದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವೆಲ್ಲ ಗದ್ದೆಯಲ್ಲಿ ನಾಟಿ ಮಾಡಿ ಸಂಜೆ ಬಚ್ಚಲೊಲೆಯ ಮುಂದೆ ಕುಳಿತರೆ ದಣಿವು ಹೋಗುತ್ತದೆ. ಅಲ್ಲಿಯ ಮಳೆಯು ಹಿಮಕ್ಕೆ ನೆರೆಯಾದುದು. ನೆನೆದ ಹತ್ತಿಬಟ್ಟೆಯಲ್ಲಿ ಅರ್ಧ ತಾಸು ಗಾಳಿಗೆ ನಿಂತರೆ ಮೈಯ ಕಾವು ಸೋರಿಹೋಗುತ್ತದೆ. ಮೊದಲು ನಡುಕ, ಅನಂತರ ತೊದಲು ಮಾತು, ಆಮೇಲೆ ನಡುಕವೇ ನಿಂತು ಮಂಪರು. ನಡುಕ ನಿಂತಿತೆಂದು ಸಮಾಧಾನಪಡಬಾರದು, ಅದು ಕೇಡಿನ ಚಿಹ್ನೆ. ಗಾಳಿಯೂ ತೆಳುವಾದುದರಿಂದ ಹೃದಯಕ್ಕೂ ಶ್ವಾಸಕೋಶಗಳಿಗೂ ಕೆಲಸ ಹೆಚ್ಚು. ತಲೆನೋವು, ಓಕರಿಕೆ, ಕುಳಿತಲ್ಲಿಯೇ ಏದುಸಿರು ಕಂಡರೆ ಮೇಲೇರದೆ ಕೆಳಗಿಳಿಯುವುದೇ ಮದ್ದು. ದೇವಾಲಯವು ಕಣ್ಣಿಗೆ ಕಾಣುತ್ತಿದ್ದರೂ ಇಳಿಯತಕ್ಕದ್ದು. ಈ ಶರೀರವು ಲಿಂಗಕ್ಕೆ ಆಶ್ರಯವಾದುದು. ಅದನ್ನು ಹಟಕ್ಕೆ ಬಲಿಗೊಡುವುದು ಭಕ್ತಿಯಲ್ಲ. ಅಕ್ಕನವರು ಕೇಶವನ್ನೇ ಹೊದ್ದು ನಡೆದರಲ್ಲವೇ ಎಂದು ತೆಳು ಪಂಚೆಯಲ್ಲಿ ಏರುವ ಉತ್ಸಾಹಿಗಳಿಗೆ ಹೇಳಬೇಕಾದುದು ಇಷ್ಟೇ: ಅಕ್ಕನವರು ಬಿಟ್ಟುದು ದೇಹಭಾವವನ್ನು, ಇವರು ಬಿಟ್ಟುದು ಸ್ವೆಟರನ್ನು.

ಆದುದರಿಂದ ಮೈಗೆ ತಗುಲುವ ಬಟ್ಟೆ ಬೇಗನೆ ಆರುವಂಥದಿರಲಿ. ಅದರ ಮೇಲೆ ಉಣ್ಣೆ, ಉಣ್ಣೆಯ ಮೇಲೆ ನೀರು ಹೋಗದ ರೇನ್‌ಕೋಟು. ಊರಿನ ಕುರಿಕಂಬಳಿಯು ನೆನೆದರೂ ಬೆಚ್ಚಗಿರುವ ಗುಣವುಳ್ಳದ್ದು ನಿಜ. ಆದರೆ ನೆನೆದಾಗ ಅದರ ಭಾರವು ಏರುದಾರಿಗೆ ಸಲ್ಲದು. ಕೊಡೆಯು ಗಾಳಿಗೆ ಮಗುಚುತ್ತದೆ, ಇಕ್ಕಟ್ಟಿನಲ್ಲಿ ಎದುರು ಬರುವ ಕುದುರೆಯನ್ನು ಬೆದರಿಸುತ್ತದೆ. ಎರಡು ಜೊತೆ ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಕೈಗವಸು, ಜಾರದ ಅಟ್ಟೆಯ ಹಳೆಯ ಜೋಡು. ಹೊಸ ಜೋಡನ್ನು ಯಾತ್ರೆಗೆಂದೇ ಕೊಳ್ಳುವವರು ಎರಡನೆಯ ಹರದಾರಿಯಲ್ಲಿಯೇ ಬೊಬ್ಬೆಯೆದ್ದ ಕಾಲಿನಿಂದ ಕುಳಿತುಬಿಡುತ್ತಾರೆ. ಊರುಗೋಲು, ಬ್ಯಾಟರಿ. ಒಣ ಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ತಲುಪುವವರೆಗೂ ಬಿಚ್ಚದಿರಬೇಕು. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳು, ನೋಂದಣಿಯ ಚೀಟಿ, ಗುರುತಿನ ಚೀಟಿಗಳು ಮೈಮೇಲೆಯೇ ಇರಬೇಕು. ಸಾಮಾನು ಒಂದು ಕಡೆ, ಯಜಮಾನ ಒಂದು ಕಡೆ ಆಗುವುದು ಆ ದಾರಿಯಲ್ಲಿ ಸಾಮಾನ್ಯ. ಹುರಿಗಡಲೆ, ಬೆಲ್ಲ, ಒಣಶುಂಠಿ, ಸ್ವಲ್ಪ ಅವಲಕ್ಕಿ ಬುತ್ತಿಗೆ ಸಾಕು. ಅಕ್ಕಿಯ ಮೂಟೆ, ಗೊಜ್ಜಿನ ಭರಣಿಗಳನ್ನು ಶಿವಮೊಗ್ಗೆಯಿಂದ ಹೊತ್ತೊಯ್ಯುವ ಸಂಸಾರಗಳನ್ನು ಕಂಡರೆ, ಬಳ್ಳಿಗಾವೆಯ ಕೋಡಿಯಮಠವು ನೆನಪಾಗುತ್ತದೆ. ದೀನರು, ಕುರುಡರು, ಕುಂಟರು, ನಾನಾ ಮತದ ಸನ್ಯಾಸಿಗಳೆಲ್ಲರಿಗೂ ಅಲ್ಲಿ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ರ ಶಾಸನವು ಹೇಳುತ್ತದೆ. ಬಂದವರಿಗೆ ಉಣಬಡಿಸಿದ ಸೀಮೆಯವರು, ಪರರ ನಾಡಿನ ಬೇಳೆ ರೊಟ್ಟಿಯನ್ನು ಪ್ರಸಾದವೆಂದು ಉಣ್ಣಲಾರರೇ?

ಕಾಲವನ್ನು ಅರಿಯುವುದು ಇವೆಲ್ಲಕ್ಕಿಂತ ಮುಖ್ಯ. ಜೂನ್ ನಡುವಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಗುಡ್ಡಗಳೇ ಜರಿಯುತ್ತವೆ. 2013ರ ಜೂನ್ 16, 17ರಂದು ಚೋರಾಬಾರಿ ಸರೋವರವು ಒಡೆದು ಮಂದಾಕಿನಿಯು ಕೇದಾರಪುರಿಯನ್ನು ಕೊಚ್ಚಿಹೋದುದನ್ನು ಮರೆಯಲಾದೀತೇ? ದೇವಾಲಯದ ಹಿಂದೆ ಉರುಳಿಬಂದು ನಿಂತ ಹೆಬ್ಬಂಡೆಯು ಪ್ರವಾಹವನ್ನು ಸೀಳಿತು, ಗುಡಿ ಉಳಿಯಿತು. ಸುತ್ತಲಿನ ಸಾವಿರಾರು ಜೀವಗಳು ಉಳಿಯಲಿಲ್ಲ. 2024ರ ಜುಲೈ 31ರ ರಾತ್ರಿಯ ಮೇಘಸ್ಫೋಟದಲ್ಲಿ ದಾರಿಯು ಹಲವೆಡೆ ಕಿತ್ತುಹೋಗಿ ಯಾತ್ರಿಕರು ನಡುದಾರಿಯಲ್ಲಿ ಸಿಕ್ಕಿಬಿದ್ದರು. ಮೇ ತಿಂಗಳು, ಇಲ್ಲವೇ ಮಳೆ ಇಳಿದ ಮೇಲೆ ಅಕ್ಟೋಬರು ಗೃಹಸ್ಥರಿಗೆ ತಕ್ಕ ಕಾಲ.

ಇಷ್ಟು ಕಟ್ಟಿದ ಮೇಲೆ ಗಂಟನ್ನು ಎತ್ತುವವರು ಯಾರು? ಗಹನವಾದ ಪ್ರಶ್ನೆಯು ಇಲ್ಲಿದೆ. ಗೌರೀಕುಂಡದಲ್ಲಿ ಹೇಸರಗತ್ತೆಗಳೂ ಕುದುರೆಗಳೂ ನಿಂತಿರುತ್ತವೆ. ಮನುಷ್ಯರನ್ನೇ ಬೆನ್ನಿನ ಬುಟ್ಟಿಯಲ್ಲಿ ಕೂರಿಸಿ ಹೊತ್ತೊಯ್ಯುವ ಆಳುಗಳಿರುತ್ತಾರೆ. ಅವರಲ್ಲಿ ನೇಪಾಳದಿಂದ ಹೊಟ್ಟೆಪಾಡಿಗೆ ಬಂದವರು ಬಹಳ. 2022ರ ಯಾತ್ರೆಯಲ್ಲಿ ಅತಿಭಾರಕ್ಕೂ ವಿಶ್ರಾಂತಿಯಿಲ್ಲದ ದುಡಿಮೆಗೂ ಸಿಕ್ಕಿ ಅನೇಕ ಹೇಸರಗತ್ತೆಗಳು ಸತ್ತ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ದಯೆಯನ್ನು ಸಕಲ ಪ್ರಾಣಿಗಳಿಗೂ ವಿಸ್ತರಿಸಿದ ಬಸವಣ್ಣನವರ ಅನುಯಾಯಿಯು, ತನ್ನ ಮೂರನೆಯ ಪೆಟ್ಟಿಗೆಯನ್ನು ಬಾಯಿಯಿಲ್ಲದ ಪ್ರಾಣಿಯ ಬೆನ್ನಿಗೇರಿಸಿ, ತಾನು ಹಿಂದಿನಿಂದ ಪಂಚಾಕ್ಷರಿಯನ್ನು ಜಪಿಸುತ್ತ ಏರಿದರೆ ಆ ಜಪವು ಯಾರಿಗೆ ಸಲ್ಲುತ್ತದೆ? ಹೋಗುತ್ತಿರುವುದು ವೈರಾಗ್ಯಪೀಠಕ್ಕೆ ಎಂಬುದನ್ನು ಆ ಪ್ರಾಣಿಯ ಬೆನ್ನಿನ ಹುಣ್ಣು ಅಣಕಿಸುವಂತಿದೆ.

ವೃದ್ಧರಿಗೆ, ಅಶಕ್ತರಿಗೆ ಹೊರುವವರ ಸಹಾಯ ಬೇಕಾಗುವುದು ಸಹಜ. ಹೊರುವುದು ಹೀನಕಾರ್ಯವಲ್ಲ, ಅದೊಂದು ಕಾಯಕ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮದಾಸೋಹ ಮಾಡುತ್ತಿದ್ದವರು. ಒಮ್ಮೆ ಹುಲ್ಲು ಕೊಯ್ಯುವಾಗ ಲಿಂಗವು ನೀರಿಗೆ ಜಾರಿತು. ಅವರು ಕಾಯಕವನ್ನು ಬಿಟ್ಟು ಅದನ್ನು ಎತ್ತಿಕೊಳ್ಳಲಿಲ್ಲ, ಲಿಂಗವೇ ಬೆನ್ನುಹತ್ತಿ ಬಂದಿತೆಂದೂ, ಮಡಿವಾಳ ಮಾಚಯ್ಯನವರು ನಡುವೆ ಬಂದು ಅದಕ್ಕೂ ಕಾಯಕವನ್ನು ನೇಮಿಸಿದರೆಂದೂ ಕಥೆಯುಂಟು. ಲಿಂಗಕ್ಕೇ ಕಾಯಕದ ವಿನಾಯಿತಿ ಇಲ್ಲದ ಧರ್ಮದಲ್ಲಿ, ಕಾಯಕಜೀವಿಯ ಕೂಲಿಯನ್ನು ಚೌಕಾಸಿ ಮಾಡಿ ಇಳಿಸುವುದು ಯಾವ ಜಾಣತನ? ಹೊತ್ತವನು ಮಳೆಯಲ್ಲಿ ಹರಿದ ಪ್ಲಾಸ್ಟಿಕ್ ಹೊದ್ದು ಹೊರಗೆ ನಿಂತಿರುವಾಗ ಒಳಗೆ ಬಿಸಿ ಚಹಾ ಕುಡಿಯುವವನಿಗೆ ದಾಸೋಹದ ಮಾತು ಬಾಯಿಗೆ ಬರಬಾರದು. ಅವನ ಪಾಲಿನ ಊಟ ಮೊದಲು, ಅವನಿಗೊಂದು ಒಣ ಜಾಗ ಮೊದಲು.

ಆದ್ದರಿಂದ ಅಳತೆಯೊಂದನ್ನು ಊರಿನಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು. ಗಂಟನ್ನು ಕಟ್ಟಿ, ಮಳೆಯಿರುವ ಒಂದು ದಿನ, ತಾಳಗುಂದದ ಪ್ರಣವೇಶ್ವರನಿಗೆ ಕೈಮುಗಿದು ಬಳ್ಳಿಗಾವೆಯ ಕೇದಾರೇಶ್ವರನವರೆಗೆ ತಾನೇ ಹೊತ್ತು ನಡೆಯತಕ್ಕದ್ದು. ಅಲ್ಲಿ ತಲುಪುವುದರೊಳಗೆ ಹೆಗಲು ತಾನೇ ಹೇಳುತ್ತದೆ, ಯಾವುದು ಬೇಕು, ಯಾವುದು ಬೇಡವೆಂದು. ಮನೆಗೆ ಬಂದು ಗಂಟನ್ನು ಬಿಚ್ಚಿ ಅರ್ಧವನ್ನು ತೆಗೆದಿಟ್ಟು, ಉಳಿದುದನ್ನು ಇನ್ನೊಮ್ಮೆ ಕಟ್ಟಬೇಕು. ಎರಡನೆಯ ಸಲ ಹೊತ್ತು ನಡೆದವರು ಮತ್ತೆ ಏನಾದರೊಂದನ್ನು ತೆಗೆಯುವುದುಂಟು.

ದೀಪಾವಳಿ ಕಳೆದು ಭ್ರಾತೃದ್ವಿತೀಯದಂದು ಕೇದಾರದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ, ಮನುಷ್ಯರ ಹೆಗಲ ಮೇಲೆಯೇ, ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬಂದು ಚಳಿಗಾಲವನ್ನು ಅಲ್ಲಿ ಕಳೆಯುತ್ತದೆ. ಪರಂಪರೆಯಿಂದ ಕನ್ನಡನಾಡಿನ ವೀರಶೈವ ಜಂಗಮರು ಅಲ್ಲಿ ಅರ್ಚಕರಾದುದರಿಂದ ಆ ಹಿಮದ ನಾಡಿನಲ್ಲಿಯೂ ಕನ್ನಡದ ಮಾತು ಕಿವಿಗೆ ಬೀಳುವುದುಂಟು. ಆ ವೇಳೆಗೆ ಇಳಿಯುವ ಯಾತ್ರಿಕರು ತಮ್ಮ ಸ್ವೆಟರು, ಕೈಗವಸು, ರೇನ್‌ಕೋಟುಗಳನ್ನು ಶಿಕಾರಿಪುರದ ಬಿಸಿಲಿಗೆ ಹೊತ್ತು ತರಬೇಕಾದುದಿಲ್ಲ. ಗೌರೀಕುಂಡದಲ್ಲಿ ಅವುಗಳನ್ನು ತೊಡುವ ಮೈಗಳು ಬೇಕಾದಷ್ಟಿವೆ.