ಶಾಲೆಯ ಮಾನ್ಯತೆ ಮತ್ತು ಕೊಟ್ಟ ಮಾತು

ಶಾಲೆಯೊಂದನ್ನು ತೆರೆಯಲು ಅನುಮತಿ ಕೊಡುವುದು ಸುಲಭ. ಅವಧಿ ತೀರಿದ ಮೇಲೆ ಆ ಅನುಮತಿಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಷ್ಟ. ತೆರೆಯುವಾಗ ಕಣ್ಣೆದುರಿಗೆ ಇರುವುದು ಆಶೆಯೊಂದೇ. ಮುಂದುವರಿಸುವಾಗಲಾದರೋ ಮಕ್ಕಳಿರುತ್ತಾರೆ, ಉಪಾಧ್ಯಾಯರಿರುತ್ತಾರೆ, ಕಳೆದ ವರ್ಷಗಳ ಲೆಕ್ಕವಿರುತ್ತದೆ. ಆ ಲೆಕ್ಕವನ್ನು ಯಾವ ಅಳತೆಯಿಂದ ನೋಡತಕ್ಕದ್ದು? ಮೇಲ್ನೋಟಕ್ಕೆ ಇದು ಕಚೇರಿಯ ಕಾಗದಪತ್ರದ ಪ್ರಶ್ನೆಯಂತೆ ತೋರಿದರೂ ವಾಸ್ತವದಲ್ಲಿ ಧರ್ಮಾಧರ್ಮದ ಪ್ರಶ್ನೆಯೇ ಆಗಿದೆ.

ಅಮೆರಿಕದ ಮಿನ್ನೆಸೋಟ ಸಂಸ್ಥಾನವು 1991ರಲ್ಲಿ ಒಂದು ಶಾಸನವನ್ನು ಮಾಡಿ ಸನ್ನದು ಶಾಲೆಗಳೆಂಬ ಏರ್ಪಾಡನ್ನು ತಂದಿತು. ಹಣ ಸರಕಾರದ್ದು, ಆಡಳಿತ ಖಾಸಗಿಯವರದು. ಇಷ್ಟು ವರ್ಷಗಳಲ್ಲಿ ಇಂತಿಷ್ಟನ್ನು ಸಾಧಿಸುವೆವೆಂದು ಬರೆದುಕೊಟ್ಟ ಕರಾರೇ ಸನ್ನದು. ಅವಧಿ ಮುಗಿದಾಗ ಕರಾರನ್ನು ಪರೀಕ್ಷಿಸಿ ಸನ್ನದನ್ನು ಮುಂದುವರಿಸುತ್ತಾರೆ, ಇಲ್ಲವೆ ರದ್ದುಪಡಿಸುತ್ತಾರೆ. ಹೆಸರು ಹೊಸದು, ಆದರೆ ಇದರ ತಿರುಳು ನಮ್ಮ ಕರಾವಳಿಗೆ ಹೊಸದಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ಕಟ್ಟತೊಡಗಿದರು. 1854ರ ವುಡ್ಡನ ಆಜ್ಞಾಪತ್ರವು ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನವನ್ನು ಕೊಡುವ ಪದ್ಧತಿಗೆ ದಾರಿ ಮಾಡಿತು. ಅಂದಿನಿಂದ ಉಡುಪಿ, ಕಾಪು, ಕಾರ್ಕಳಗಳ ಸುತ್ತಮುತ್ತ ಊರ ಸಂಚಾಲಕರು ನಡೆಸುವ, ಸರಕಾರವು ಸಂಬಳ ಕೊಡುವ ಅನುದಾನಿತ ಶಾಲೆ ಎಂಬುದು ಜನರ ಬಾಳಿನಲ್ಲಿ ಬೆರೆತುಹೋದ ಸಂಸ್ಥೆಯಾಗಿದೆ. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯೂ 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯೂ ಮಾನ್ಯತೆಯಿಲ್ಲದೆ ಖಾಸಗಿ ಶಾಲೆಯು ನಡೆಯಕೂಡದೆಂದು ವಿಧಿಸುತ್ತವೆ. ಆದುದರಿಂದ ಮಾನ್ಯತೆಯ ನವೀಕರಣವೆಂಬುದು ಇಲ್ಲಿನ ಸನ್ನದಿನ ಪರೀಕ್ಷೆಯೇ ಸರಿ.

ಪರೀಕ್ಷಿಸತಕ್ಕವನಿಗೆ ಮೊದಲು ಹೊಳೆಯುವ ಅಳತೆ ಫಲಿತಾಂಶ. ಮಕ್ಕಳು ಎಷ್ಟು ಕಲಿತರೆಂಬುದನ್ನು ನೋಡಿದರೆ ಸಾಲದೇ? ಈ ಅಳತೆಯನ್ನು ಹಿಂದೆಯೇ ಪ್ರಯೋಗಿಸಿ ನೋಡಿದ್ದಾಯಿತು. ಇಂಗ್ಲೆಂಡಿನಲ್ಲಿ 1862ರಿಂದಲೂ, ಈ ಜಿಲ್ಲೆಯು ಸೇರಿದ್ದ ಮದರಾಸು ಪ್ರಾಂತದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿಯೂ ಫಲಕ್ಕೆ ತಕ್ಕ ಅನುದಾನವೆಂಬ ಪದ್ಧತಿಯಿತ್ತು. ತನಿಖಾಧಿಕಾರಿಯು ಬಂದು ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳನ್ನು ಪರೀಕ್ಷಿಸುವನು. ತೇರ್ಗಡೆಯಾದ ತಲೆಗಳನ್ನು ಎಣಿಸಿ ಹಣವನ್ನು ಗೊತ್ತುಮಾಡುವನು. ಇದರಿಂದ ಶಾಲೆಗಳ ಸಂಖ್ಯೆಯೇನೋ ಹೆಚ್ಚಿತು. ಆದರೆ ಉಪಾಧ್ಯಾಯನಿಗೆ ಮಗುವು ಮಗುವಾಗಿ ಕಾಣದೆ ಅನುದಾನದ ಒಂದು ಅಂಶವಾಗಿ ಕಾಣತೊಡಗಿತು. ಬಾಯಿಪಾಠವು ವಿದ್ಯೆಯ ಸ್ಥಾನದಲ್ಲಿ ಕುಳಿತಿತು. ಎರಡೂ ಕಡೆಗಳಲ್ಲಿ ಆ ಪದ್ಧತಿಯನ್ನು ಕೊನೆಗೆ ಕೈಬಿಡಬೇಕಾಯಿತು.

ಫಲಿತಾಂಶವೆಂಬ ಅಳತೆಯಲ್ಲಿ ಇನ್ನೊಂದು ದೋಷವೂ ಉಂಟು. ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳಬಹುದು. ಒಂದು ಮಣಿಪಾಲದಲ್ಲಿದೆ, ಅಲ್ಲಿಗೆ ಬರುವ ಮಕ್ಕಳ ಮನೆಗಳಲ್ಲಿ ಪುಸ್ತಕಗಳಿವೆ, ಪಾಠ ಹೇಳಿಕೊಡಬಲ್ಲ ಹಿರಿಯರಿದ್ದಾರೆ. ಇನ್ನೊಂದು ಕಾಪುವಿನ ಬಳಿಯಲ್ಲಿದೆ; ಅಲ್ಲಿನ ಬೆಂಚುಗಳಲ್ಲಿ ತುಳು ಮನೆಮಾತಿನ ಮಕ್ಕಳ ಪಕ್ಕದಲ್ಲಿ, ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ ಕೊಪ್ಪಳಗಳಿಂದ ಬಂದವರ ಮಕ್ಕಳು ಕುಳಿತಿದ್ದಾರೆ. ಕೆಲಸ ಮುಗಿದಾಗ ತಂದೆತಾಯಿಗಳು ಊರು ಬಿಡುವರು. ವರ್ಷದ ನಡುವೆ ಮಗುವೂ ಹೊರಡುವುದು. ಮೊದಲನೆಯ ಶಾಲೆಯಲ್ಲಿ ತೊಂಬತ್ತು ಮಕ್ಕಳು ತೇರ್ಗಡೆಯಾದುದಕ್ಕಿಂತ ಎರಡನೆಯದರಲ್ಲಿ ಮೂವತ್ತು ಮಕ್ಕಳು ಸರಾಗವಾಗಿ ಓದಲು ಕಲಿತುದು ಹೆಚ್ಚಿನ ಸಾಧನೆಯಾಗಿರಬಹುದು. ಮಗುವು ಎಲ್ಲಿ ಬಂದು ನಿಂತಿತೆಂಬುದನ್ನಷ್ಟೇ ನೋಡಿ, ಎಲ್ಲಿಂದ ಹೊರಟಿತೆಂಬುದನ್ನು ನೋಡದವನು ಶಾಲೆಯನ್ನು ಅಳೆಯುವುದಿಲ್ಲ. ಮನೆಯ ಸಂಪತ್ತನ್ನು ಅಳೆಯುತ್ತಾನೆ.

ಹಾಗಾದರೆ ಫಲವನ್ನು ಬಿಟ್ಟು ಕೊಟ್ಟ ಮಾತನ್ನು ಹಿಡಿಯೋಣವೆಂದು ಕೆಲವರು ಹೇಳುವರು. ಷರತ್ತನ್ನು ಪಾಲಿಸಿದ ಶಾಲೆ ಉಳಿಯಲಿ, ಮೀರಿದ ಶಾಲೆ ಹೋಗಲಿ. ಈ ವಾದವು ನೇರವಾದುದು; ಆದರೆ ಇದನ್ನು ಪರೀಕ್ಷೆಗೆ ಒಡ್ಡಿದ ಪ್ರಸಂಗವೊಂದು ಈ ನಾಡಿನಲ್ಲಿಯೇ ನಡೆಯಿತು. 1994ರ ಭಾಷಾನೀತಿಯಂತೆ 1ರಿಂದ 4ನೆಯ ತರಗತಿಯ ವರೆಗಿನ ಬೋಧನೆಯು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕಾಗಿತ್ತು. ಕನ್ನಡದಲ್ಲಿ ಕಲಿಸುವೆವೆಂದು ಬರೆದುಕೊಟ್ಟು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು ಸರಕಾರವು 2006ರಲ್ಲಿ ಹಿಂತೆಗೆದುಕೊಂಡಿತು. ಮುಂದೆ 2008ರಲ್ಲಿ ಉಚ್ಚ ನ್ಯಾಯಾಲಯವೂ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವೂ ಖಾಸಗಿ ಶಾಲೆಗಳ ಮೇಲೆ ಅಂತಹ ಷರತ್ತನ್ನು ಹೇರಲು ಬರುವುದಿಲ್ಲವೆಂದು ತೀರ್ಪಿತ್ತವು.

ಈಗ ವಿಚಾರಿಸತಕ್ಕದ್ದೇನೆಂದರೆ, ಷರತ್ತೇ ನಿಲ್ಲದೆ ಹೋದ ಮೇಲೆ ಆ ಶಾಲೆಗಳು ನಿರ್ದೋಷಿಗಳಾದವೇ? ಕಾನೂನಿನ ದೃಷ್ಟಿಯಿಂದ ಅವು ಪಾರಾದುವು. ಸತ್ಯದ ದೃಷ್ಟಿಯಿಂದ ಹಾಗೆ ಹೇಳುವುದು ಕಷ್ಟ. ಷರತ್ತು ಅನ್ಯಾಯವೆಂದು ತೋರಿದವನು ಅದನ್ನು ಎದುರಿಸಿ ಹೇಳಬಹುದಾಗಿತ್ತು. ಒಪ್ಪಿದಂತೆ ರುಜು ಹಾಕಿ, ತರಗತಿಯ ಬಾಗಿಲನ್ನು ಮುಚ್ಚಿ ಬೇರೆಯದನ್ನು ನಡೆಸಿದ ಸಂಸ್ಥೆಯು ಮಕ್ಕಳಿಗೆ ಯಾವ ಭಾಷೆಯನ್ನು ಕಲಿಸಿತೋ ಏನೋ, ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನಂತೂ ಕಲಿಸಿತು. ಆದರೂ ಆ ತಪ್ಪನ್ನು ಮಾಡಿದವರು ದೊಡ್ಡವರು; ಮಾನ್ಯತೆ ಹೋದಾಗ ಬೀದಿಗೆ ಬೀಳುವವರು ಚಿಕ್ಕವರು. ಮಾತನ್ನಷ್ಟೇ ಅಳೆಯುವ ಅಳತೆಯ ಕೊರತೆಯು ಇಲ್ಲಿ ಕಾಣುತ್ತದೆ.

ಮೂರನೆಯದು ಪುರಾತನತೆಯ ವಾದ. ಶಾಲೆ ಊರಿನ ಹಿರಿಯರು ಕಟ್ಟಿದ್ದು, ನೂರು ವರ್ಷ ಕಂಡದ್ದು, ಅಜ್ಜನೂ ಮೊಮ್ಮಗನೂ ಒಂದೇ ಜಗಲಿಯಲ್ಲಿ ಓದಿದ್ದು, ಅದನ್ನು ಮುಚ್ಚಬಾರದು. ಈ ಭಾವನೆಯು ಗೌರವಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ಹೇಳುವವರಲ್ಲಿ ಅನೇಕರ ಮಕ್ಕಳು ಪ್ರತಿದಿನ ಬೆಳಿಗ್ಗೆ ಹಳದಿ ಬಸ್ಸನ್ನೇರಿ ಬೇರೆ ಶಾಲೆಗೆ ಹೋಗುತ್ತಿರುವುದೂ ಸುಳ್ಳಲ್ಲ. ತನ್ನ ಮಗುವನ್ನು ಕಳುಹಿಸದ ಶಾಲೆಯು ಇನ್ನೊಬ್ಬರ ಮಗುವಿಗಾಗಿ ಇದ್ದ ಹಾಗೆಯೇ ಉಳಿಯಲಿ ಎನ್ನುವ ಅಭಿಮಾನವು ಅಗ್ಗದ ಅಭಿಮಾನ. ಕಲಿಕೆಯೇ ನಡೆಯದ ಶಾಲೆಗೆ ಹಳತೆಂಬ ಕಾರಣದಿಂದ ದಯೆ ತೋರುವುದು ಸ್ಥಾಪಕರಿಗೆ ಗೌರವವೂ ಅಲ್ಲ, ಮಕ್ಕಳಿಗೆ ದಯೆಯೂ ಅಲ್ಲ.

ಹೀಗಿರಲು, ಅಳೆಯುವವನ ಕೈಯನ್ನೂ ಒಮ್ಮೆ ನೋಡಬೇಕಾಗುತ್ತದೆ. ಅನುದಾನಿತ ಶಾಲೆಗಳಲ್ಲಿ ಉಪಾಧ್ಯಾಯರು ನಿವೃತ್ತರಾಗಿ ತೆರವಾದ ಸ್ಥಾನಗಳು ವರ್ಷಗಟ್ಟಲೆ ತುಂಬದೆ ಉಳಿಯುವುದು ಎಲ್ಲರೂ ಬಲ್ಲ ಸಂಗತಿ. ಅರುವತ್ತು ಮಕ್ಕಳ ವರೆಗಿನ ಕಿರಿಯ ಶಾಲೆಗೂ ಇಬ್ಬರು ಉಪಾಧ್ಯಾಯರಿರಬೇಕೆಂದು 2009ರಲ್ಲಿ ಅಂಗೀಕೃತವಾದ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುತ್ತದೆ. ಸಂಚಾಲಕನು ಕೈಯಿಂದ ಗೌರವಧನ ಕೊಟ್ಟು ಒಬ್ಬರನ್ನು ನೇಮಿಸಿಕೊಂಡು ಶಾಲೆಯನ್ನು ನಡೆಸುವನು, ಕಲಿಕೆ ಕುಗ್ಗುವುದು, ಮಕ್ಕಳು ಬಿಟ್ಟುಹೋಗುವರು, ಕೊನೆಗೆ ಮಕ್ಕಳ ಸಂಖ್ಯೆ ಕಡಮೆಯೆಂಬ ಆಕ್ಷೇಪವು ಶಾಲೆಯ ತಲೆಯ ಮೇಲೆ ಬೀಳುವುದು. ಕರಾರಿಗೆ ಎರಡು ಕಡೆಗಳಿವೆ. ತನ್ನ ಪಾಲಿನ ಮಾತನ್ನು ನಡೆಸದವನು ಇನ್ನೊಬ್ಬನ ಮಾತನ್ನು ತೂಗಲು ಕುಳಿತರೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲಲಾರದು.

ಇಷ್ಟೆಲ್ಲ ಗೊಂದಲಕ್ಕೆ ಕಾರಣವೆಂದರೆ ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಕಲಸಿರುವುದು. ತಪ್ಪು ಯಾರದು ಎಂಬುದು ಒಂದು ಪ್ರಶ್ನೆ. ಮಗುವಿಗೆ ನಾಳೆ ಏನಾಗಬೇಕು ಎಂಬುದು ಮತ್ತೊಂದು. ತಪ್ಪಿಗೆ ದಂಡವಿದೆ, ಸಂಚಾಲಕನನ್ನು ಕೇಳಬಹುದು, ಅಧಿಕಾರಿಯನ್ನೂ ಕೇಳಬಹುದು. ಮಾನ್ಯತೆಯಾದರೋ ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಅದು ಮಗುವಿನ ಪರವಾಗಿ ಹಿರಿಯರು ಇಟ್ಟ ನಂಬಿಕೆ. ಆದುದರಿಂದ ಅದನ್ನು ನವೀಕರಿಸುವ ಪ್ರಶ್ನೆಗೆ ಮಗುವಿನ ನಾಳೆಯೊಂದೇ ಕೊನೆಯ ಪ್ರಮಾಣ. ಈ ಶಾಲೆಯು ಇದ್ದರೆ ಈ ಮಕ್ಕಳು ಹೆಚ್ಚು ಕಲಿಯುವರೋ, ಇಲ್ಲದಿದ್ದರೆ ಹೆಚ್ಚು ಕಲಿಯುವರೋ? ಫಲಿತಾಂಶ, ಕೊಟ್ಟ ಮಾತು, ಊರಿನ ಅಭಿಮಾನ, ಇವು ಮೂರೂ ಈ ಪ್ರಶ್ನೆಗೆ ಉತ್ತರ ಕೊಡತಕ್ಕ ಸಾಕ್ಷಿಗಳೇ ಹೊರತು ನ್ಯಾಯಾಧೀಶರಲ್ಲ.

ಶಿಕ್ಷಣ ಹಕ್ಕಿನ ಕಾಯಿದೆಯ 18ನೆಯ ಕಲಮು ಈ ವಿವೇಕದ ಒಂದಂಶವನ್ನು ಒಳಗೊಂಡಿದೆ. ಶಾಲೆಯ ಹೇಳಿಕೆಯನ್ನು ಕೇಳದೆ ಮಾನ್ಯತೆಯನ್ನು ಹಿಂತೆಗೆಯಕೂಡದು. ಹಿಂತೆಗೆಯುವ ಆಜ್ಞೆಯಲ್ಲಿ ಆ ಮಕ್ಕಳನ್ನು ನೆರೆಯ ಯಾವ ಶಾಲೆಗೆ ಸೇರಿಸತಕ್ಕದ್ದೆಂಬುದನ್ನೂ ಹೇಳಿರಬೇಕು. ಆದರೆ ಆ ಹೆಸರನ್ನು ಬರೆಯುವ ಕೈಗೆ ದಾರಿಯ ಪರಿಚಯವಿರಬೇಕು. ಕಾರ್ಕಳದ ಪೂರ್ವದಲ್ಲಿ ಘಟ್ಟದ ಬುಡದ ಹಳ್ಳಿಗಳಲ್ಲಿ ಒಂದು ಕಿಲೋಮೀಟರಿನ ದೂರವು ಜನವರಿಯಲ್ಲಿ ಒಂದು ಕಿಲೋಮೀಟರು. ಆಷಾಢದಲ್ಲಿ ತೋಡು ತುಂಬಿ ಕಾಲುಸಂಕವು ನೀರಿನಲ್ಲಿ ಮುಳುಗಿದಾಗ ಅದೇ ದೂರವು ದಾಟಲಾರದ್ದು. ಆರು ವರ್ಷದ ಮಗುವು ಆ ಸಂಕವನ್ನು ದಾಟಬಲ್ಲುದೇ ಎಂದು ನಿಂತು ನೋಡದೆ ಹಾಕಿದ ರುಜುವು, ನಿಯಮಕ್ಕೆ ಎಷ್ಟು ಸರಿಯಾಗಿದ್ದರೂ, ಅಧರ್ಮವೇ. ಹಾಗೆಯೇ, ದಾಟಬಲ್ಲ ದೂರದಲ್ಲಿ ಒಳ್ಳೆಯ ಶಾಲೆಯಿದ್ದು, ತಿದ್ದಿಕೊಳ್ಳಲು ಅವಕಾಶ ಕೊಟ್ಟ ಮೇಲೆಯೂ ತಿದ್ದಿಕೊಳ್ಳದ ಶಾಲೆಯನ್ನು ದಾಕ್ಷಿಣ್ಯಕ್ಕಾಗಿ ಉಳಿಸುವ ರುಜುವೂ ಅಧರ್ಮವೇ.

ಪಂಜೆ ಮಂಗೇಶರಾಯರು (1874–1937) ಈ ಜಿಲ್ಲೆಯ ಶಾಲೆಗಳಿಗೆ ಉಪಾಧ್ಯಾಯರಾಗಿಯೂ ತನಿಖಾಧಿಕಾರಿಗಳಾಗಿಯೂ ಹೋದವರು. ಮಕ್ಕಳಿಗಾಗಿ ಕಥೆಗಳನ್ನೂ ಪದ್ಯಗಳನ್ನೂ ಬರೆದವರು. ಶಾಲೆಯ ಕೊರತೆಯನ್ನು ಬರೆದುಕೊಳ್ಳುವ ಅಧಿಕಾರವಿದ್ದ ಲೇಖನಿಯೇ ಮಕ್ಕಳ ಕೊರತೆಯನ್ನು ತುಂಬುವುದಕ್ಕೂ ಬಳಕೆಯಾಯಿತು. ಅಳೆಯುವವನು ಹೇಗಿರತಕ್ಕದ್ದೆಂಬುದಕ್ಕೆ ಬೇರೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಂತಹವನು ಶಾಲೆಯ ಬಾಗಿಲಲ್ಲಿ ನಿಂತಾಗ ಮೊದಲು ಹಾಜರಿ ಪುಸ್ತಕವನ್ನು ಕೇಳುವುದಿಲ್ಲ. ಹಿಂದಿನ ಬೆಂಚಿನ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟವನ್ನು ಓದಿಸುತ್ತಾನೆ. ಆ ಪುಟವನ್ನು ಕೇಳಿದ ಮೇಲೆ ಹಾಕಿದ ರುಜುವಿಗೆ ಅವನು ಮುಂದೆಂದೂ ನಾಚಬೇಕಾಗದು.