ಮೇಳದಲ್ಲಿ ಹೇಳಿದ ಹಾಲಿನ ಲೆಕ್ಕ

ಬೀದರಿನ ನಂದಿನಗರದಲ್ಲಿ ಪಶು ಮೇಳ ನಡೆದಿದೆ. ಔರಾದ್ ಕಡೆಯ ರೈತನೊಬ್ಬ ತನ್ನ ದೇವಣಿ ಆಕಳನ್ನು ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹಣೆಗೆ ಗೊಂಡೆ ಕಟ್ಟಿ ಪ್ರದರ್ಶನದ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಭಾಲ್ಕಿ ತಾಲ್ಲೂಕಿನ ಒಬ್ಬ ಹುಡುಗ ಆ ಆಕಳ ಸುತ್ತ ಬಹಳ ಹೊತ್ತು ಸುಳಿದಾಡಿ ಕೊನೆಗೆ ಬಾಯಿಬಿಡುತ್ತಾನೆ.

"ಕಾಕಾ, ಹಾಲ ಎಷ್ಟ ಕೊಡ್ತದ್ರಿ?"

"ಏಳ್ ಲೀಟರ್ ಕೊಟ್ಟದ ನೋಡಪಾ."

"ಇದನ್ನ ಕೊಡ್ತೀರೇನ್ರಿ?"

"ಇದನ್ನ ಕೊಡಲ್ಲ. ಇದರ ತಂಗಿ ಮನ್ಯಾಗ ಅದ. ಮೊದಲ ಸೂಲು. ಬಂದು ನೋಡು."

ಹುಡುಗ ಹೋಗುತ್ತಾನೆ, ನೋಡುತ್ತಾನೆ, ಹಣ ಕೊಟ್ಟು ಟೆಂಪೋದಲ್ಲಿ ಹೇರಿಸಿಕೊಂಡು ಬರುತ್ತಾನೆ. ಆ ಆಕಳು ಬೆಳಿಗ್ಗೆ ಸಂಜೆ ಸೇರಿ ಮೂರು ಲೀಟರ್ ಕೊಡುತ್ತದೆ. ಹುಡುಗ ಹಾಲಿನ ಡೇರಿಗೆ ಏಳು ಲೀಟರ್ ಹಾಕುವ ಅಂದಾಜಿನ ಮೇಲೆ ಸಾಲ ಮಾಡಿದ್ದ. ಫೋನಿನಲ್ಲಿ ಜಗಳವಾಗುತ್ತದೆ. ಔರಾದಿನ ರೈತ ಹೇಳುವುದು ಇಷ್ಟೇ: ನಾನು ಸುಳ್ಳು ಹೇಳಿಲ್ಲ. ಮೇಳಕ್ಕೆ ತಂದ ಆಕಳು ಒಂದು ದಿನ ಏಳು ಲೀಟರ್ ಕೊಟ್ಟದ್ದು ನಿಜ, ಊರಿನ ನಾಲ್ಕು ಮಂದಿ ಸಾಕ್ಷಿ ಇದ್ದಾರೆ. ಅದರ ತಂಗಿ ಎಷ್ಟು ಕೊಡುತ್ತದೆಂದು ನೀನು ಕೇಳಲೇ ಇಲ್ಲ.

ಇದು ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ ನಡೆದದ್ದಲ್ಲ. ಇಂಥ ಮೇಳಗಳಲ್ಲಿ ಕಿವಿಗೆ ಬೀಳುವ ಮಾತುಗಳನ್ನೂ ಆಮೇಲಿನ ತಕರಾರುಗಳನ್ನೂ ಸೇರಿಸಿ ಕಟ್ಟಿದ ಪ್ರಕರಣ. ಹಾಗಾಗಿ ಇಲ್ಲಿ ಹೆಸರುಗಳಿಲ್ಲ. ನನ್ನ ಪ್ರಶ್ನೆ ಒಂದೇ: ಔರಾದಿನ ರೈತ ತಪ್ಪು ಮಾಡಿದನೇ? ಮಾಡಿದ್ದರೆ, ಯಾವ ಮಾತಿನಲ್ಲಿ?

ಮೊದಲು ದನದ ಸುದ್ದಿ. ದೇವಣಿ ಅಂದರೆ ಗಡಿಯಾಚೆಯ ಲಾತೂರ್ ಜಿಲ್ಲೆಯ ಊರು. ಆದರೆ ಈ ತಳಿಯನ್ನು ಪರ ರಾಜ್ಯದ್ದೆಂದು ಬೀದರಿನವರು ಎಂದೂ ತಿಳಿದಿಲ್ಲ, ತಿಳಿಯಬೇಕಾಗಿಯೂ ಇಲ್ಲ. 1956ರಲ್ಲಿ ರಾಜ್ಯಗಳನ್ನು ಹಂಚುವವರೆಗೆ ದೇವಣಿ ಸೇರಿದ ಉದಗೀರದ ಸೀಮೆಯೆಲ್ಲ ಬೀದರ್ ಜಿಲ್ಲೆಯೊಳಗೇ ಇತ್ತು. ಗಡಿ ಎಳೆದದ್ದು ಮನುಷ್ಯರಿಗೆ. ಹೋರಿಗಳು ಔರಾದ್, ಭಾಲ್ಕಿಗಳಲ್ಲಿ ಮೊದಲಿನಂತೆಯೇ ಮೇಯುತ್ತಿದ್ದವು. ಮೈಯೆಲ್ಲ ಬಿಳಿ, ಮುಖದ ಎರಡೂ ಪಕ್ಕ ಮಾತ್ರ ಕಪ್ಪಾದರೆ ವಾನ್ನೇರಾ. ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಬಾಲಂಕ್ಯಾ. ಮೈತುಂಬ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವೇರಾ. ಎತ್ತು ಹೊಲಕ್ಕೂ ಬಂಡಿಗೂ ಆಗುತ್ತದೆ, ಆಕಳು ಮನೆಗೆ ಹಾಲೂ ಕೊಡುತ್ತದೆ. ಎರಡು ಕೆಲಸ ಒಂದೇ ಮೈಯಲ್ಲಿ ಇರುವುದೇ ಇದರ ಹೆಚ್ಚುಗಾರಿಕೆ. ಹಾಗಾದ್ದರಿಂದ ಯಾವ ಒಂದು ಕೆಲಸದಲ್ಲೂ ಇದು ದಾಖಲೆ ಮುರಿಯುವ ದನವಲ್ಲ. ಸೂಲೊಂದಕ್ಕೆ ಸರಾಸರಿ ಎಂಟುನೂರು, ಒಂಬೈನೂರು ಲೀಟರ್ ಹಾಲು. ಹತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ ಮೂರು ಲೀಟರ್ ಆಸುಪಾಸು. ಅಂದರೆ ಭಾಲ್ಕಿಯ ಹುಡುಗನಿಗೆ ಸಿಕ್ಕಿದ್ದು ಕೆಟ್ಟ ಆಕಳಲ್ಲ. ತಳಿಯ ಸರಿಯಾದ ಆಕಳೇ ಸಿಕ್ಕಿತ್ತು. ಕೆಟ್ಟದ್ದು ಅವನ ತಲೆಯೊಳಗೆ ಕೂತ ಏಳು ಎಂಬ ಅಂಕಿ.

ಈಗ ರೈತನ ಪಕ್ಷ. ಪ್ರದರ್ಶನವೆಂದರೆ ಇದ್ದುದರಲ್ಲಿ ಒಳ್ಳೆಯದನ್ನು ತೋರಿಸುವುದು. ಕೊಟ್ಟಿಗೆಯ ಸಾಧಾರಣ ಆಕಳನ್ನು ಯಾರೂ 40 ಕಿಲೋಮೀಟರ್ ಸಾಗಿಸಿ ತರುವುದಿಲ್ಲ. ಒಳ್ಳೆಯ ದಿನದ ಹಾಲನ್ನು ಹೇಳುವುದು ಕೊಂಬಿಗೆ ಎಣ್ಣೆ ಹಚ್ಚಿದಂತೆಯೇ ಎಂದು ಅವನ ವಾದ. ಹಾಲು ಕರೆಯುವ ಸ್ಪರ್ಧೆಯ ನಿರ್ಣಾಯಕರ ಮುಂದೆ ಇದೇ ಏಳನ್ನು ಹೇಳಿದ್ದರೆ ನಾನೂ ಸೈ ಅನ್ನುತ್ತಿದ್ದೆ. ಏಕೆಂದರೆ ಅಲ್ಲಿ ಅವನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಕೆಚ್ಚಲನ್ನು ಮೊದಲು ಕಣ್ಣೆದುರೇ ಬರಿದು ಮಾಡಿಸಿ, ಆಮೇಲೆ ಗಂಟೆಯ ಲೆಕ್ಕದಲ್ಲಿ ಕರೆಸಿ, ತೂಕ ಮಾಡುತ್ತಾರೆ. ಹಿಂದಿನ ಹೊತ್ತಿನ ಹಾಲನ್ನು ಉಳಿಸಿಕೊಂಡು ಬರುವ ಜಾಣರನ್ನು ನೋಡಿ ನೋಡಿ ಹುಟ್ಟಿದ ನಿಯಮ ಇದು. ನಿರ್ಣಾಯಕನಿಗೆ ತಕ್ಕಡಿ ಇದೆ. ಹುಡುಗನಿಗೆ ಇದ್ದದ್ದು ರೈತನ ಬಾಯಿ ಮಾತ್ರ.

ಜಾತ್ರೆಯಲ್ಲಾದರೆ ಅದೂ ಚಿಂತೆಯಿಲ್ಲ. ಔರಾದಿನ ಅಮರೇಶ್ವರ ಜಾತ್ರೆಗೆ ಈ ಭಾಗದ ದನಗಳು ಬರುತ್ತವೆ, ಪ್ರದರ್ಶನವೂ ನಡೆಯುತ್ತದೆ, ಬಹುಮಾನವೂ ಇರುತ್ತದೆ. ದನದ ಜಾತ್ರೆಗಳಲ್ಲಿ ವ್ಯಾಪಾರಕ್ಕೆ ಇಳಿದವರ ರೀತಿ ನೋಡಿ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಡೆಸಿ ಗೊರಸು ಊರುವ ಬಗೆ ನೋಡುತ್ತಾರೆ, ಕೆಚ್ಚಲು ಒತ್ತುತ್ತಾರೆ. ಬೆಲೆಯನ್ನಂತೂ ಬಾಯಲ್ಲಿ ಆಡುವುದೇ ಇಲ್ಲ. ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಮುಗಿಸುತ್ತಾರೆ. ಮಾರುವವ "ಇಂಥ ಎತ್ತು ಮೂರು ತಾಲ್ಲೂಕಿನಾಗ ಇಲ್ಲ" ಎಂದು ಕೂಗಿದರೆ ಕೊಳ್ಳುವವ ನಗುತ್ತಾನೆ. ಅಲ್ಲಿ ಉತ್ಪ್ರೇಕ್ಷೆ ಎಲ್ಲರಿಗೂ ಗೊತ್ತಿರುವ ಆಟ. ಮಾತನ್ನು ನಂಬದಿರುವುದೇ ರೂಢಿಯಾಗಿರುವ ಕಡೆ ಮಾತಿನಿಂದ ಮೋಸ ಮಾಡುವುದು ಕಷ್ಟ. ಔರಾದಿನ ರೈತ ಕಲಿತದ್ದು ಈ ಆಟವನ್ನೇ. ಅಪ್ಪನ ಜೊತೆ ಜಾತ್ರೆ ತಿರುಗಿ ಕಲಿತಿರಬೇಕು.

ಮೇಳ ಬೇರೆ. ನಂದಿನಗರದಲ್ಲಿರುವುದು 2004ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಅಲ್ಲಿ ಮೇಳ ನಡೆದರೆ ಮಳಿಗೆಗಳ ಮೇಲೆ ಇಲಾಖೆಯ ಹೆಸರು, ವೇದಿಕೆಯ ಮೇಲೆ ಮಂತ್ರಿಗಳು, ಧ್ವನಿವರ್ಧಕದಲ್ಲಿ ಪ್ರಾಧ್ಯಾಪಕರ ಉಪನ್ಯಾಸ. 2020ರ ಫೆಬ್ರುವರಿಯಲ್ಲಿ ಬೀದರಿನಲ್ಲಿ ರಾಜ್ಯ ಮಟ್ಟದ ಪಶು ಮೇಳ ನಡೆದಾಗ ಪಶುಸಂಗೋಪನಾ ಸಚಿವರಾಗಿದ್ದವರು ಔರಾದ್ ಕ್ಷೇತ್ರದ ಶಾಸಕ ಪ್ರಭು ಚವ್ಹಾಣ್. ಇಂಥ ಕಡೆ ಹುಡುಗ ಬರುವುದು ವ್ಯಾಪಾರಕ್ಕಲ್ಲ, ಕಲಿಯಲು. ನೋಟ್‌ಬುಕ್ ಹಿಡಿದು ಬರುತ್ತಾನೆ. ಒಂದು ಮಳಿಗೆಯಲ್ಲಿ ಅಜೋಲಾ ಬೆಳೆಸುವ ಲೆಕ್ಕ, ಇನ್ನೊಂದರಲ್ಲಿ ರಸಮೇವಿನ ಲೆಕ್ಕ, ಮತ್ತೊಂದರಲ್ಲಿ ಉಸ್ಮಾನಾಬಾದಿ ಮೇಕೆಯ ಲೆಕ್ಕ ಬರೆದುಕೊಳ್ಳುತ್ತಾನೆ. ಅದೇ ಪುಟದಲ್ಲಿ, ಅದೇ ಪೆನ್ನಿನಲ್ಲಿ "ದೇವಣಿ, 7 ಲೀ." ಎಂದೂ ಬರೆಯುತ್ತಾನೆ. ವಿಜ್ಞಾನಿ ಹೇಳಿದ ಅಂಕಿಗೂ ರೈತ ಹೇಳಿದ ಅಂಕಿಗೂ ಅವನ ಪುಸ್ತಕದಲ್ಲಿ ಬೇರೆ ಬೇರೆ ಅಂಕಣವಿಲ್ಲ. ರೈತನ ತಲೆಯ ಮೇಲಿದ್ದ ಶಾಮಿಯಾನ ಅವನ ಮಾತಿಗೆ ತೂಕ ಕೊಟ್ಟಿತ್ತು. ಆ ತೂಕ ಅವನು ಗಳಿಸಿದ್ದಲ್ಲ, ಮೂರು ದಿನದ ಮಟ್ಟಿಗೆ ಸಿಕ್ಕ ಎರವಲು. ಎರವಲು ತಂದದ್ದನ್ನು ಹೇಗೆ ಬಳಸಬೇಕೆಂದು ಹಳ್ಳಿಯವರಿಗೆ ಪಾಠ ಹೇಳಬೇಕಾಗಿಲ್ಲ. ನೆರೆಮನೆಯ ಎತ್ತು ತಂದವ ಅದರ ಮೇಲೆ ಎರಡು ಪಟ್ಟು ದುಡಿಮೆ ಹೇರಿದರೆ ಇಡೀ ಓಣಿ ಮಾತಾಡುತ್ತದೆ.

ಕಾನೂನು ಏನನ್ನುತ್ತದೆ ಎಂದು ಕುತೂಹಲಕ್ಕೆ ನೋಡಿದರೆ ವಿಚಿತ್ರವಾಗಿ ಅಲ್ಲೂ ದನದ ಸಂತೆಯಂಥದ್ದೇ ಒಂದು ಪ್ರಕರಣವಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಕುದುರೆ ಇದೆ. ಕುದುರೆಗೆ ಊನವಿದೆ, ಮಾರುವವನಿಗೆ ಗೊತ್ತು, ಹರಾಜಿನಲ್ಲಿ ಸುಮ್ಮನೆ ಮಾರುತ್ತಾನೆ. ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ? ಆಗ ಸಂಬಂಧದ ಕಾರಣಕ್ಕೇ ಹೇಳುವುದು ಅವನ ಕರ್ತವ್ಯ. ಕೊಳ್ಳುವವ, ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ ಎಂದಾಗ ಸುಮ್ಮನಿದ್ದರೆ? ಆಗ ಮೌನವೂ ಮಾತೇ.

ನೂರೈವತ್ತು ವರ್ಷ ಹಳೆಯ ಈ ಕುದುರೆ ನಮ್ಮ ಪ್ರಕರಣಕ್ಕೆ ಒದಗುತ್ತದೆ. ಹುಡುಗ ಆ ರೈತನನ್ನು ಏನೆಂದು ಕರೆದ? ಕಾಕಾ ಎಂದ. ಅಪರಿಚಿತ ಹಿರಿಯರನ್ನು ಹಾಗೆ ಕರೆಯುವುದು ನಮ್ಮ ಕಡೆ ಬರೀ ರೂಢಿ, ಅದರಿಂದ ರಕ್ತಸಂಬಂಧ ಹುಟ್ಟುವುದಿಲ್ಲ, ಒಪ್ಪಿದೆ. ರೈತನೂ "ನೋಡಪಾ" ಎಂದು ಮಗನಿಗೆ ಹೇಳುವಂತೆ ಉತ್ತರಿಸಿದ. ಈ ಎರಡು ಕರೆಗಳ ನಡುವೆ ಒಂದು ಸಣ್ಣ ಮನೆ ಎದ್ದುನಿಂತಿತು. ಆ ಮನೆಯೊಳಗೆ ಹಿರಿಯನನ್ನು ಅಡ್ಡಪ್ರಶ್ನೆ ಕೇಳುವುದು ಕಿರಿಯನಿಗೆ ಆಗದು. "ಯಾವ ತಿಂಗಳಿನಾಗ ಏಳು? ಎಷ್ಟು ದಿನ? ಹಿಂಡಿ ಎಷ್ಟು ಹಾಕಿದ್ರಿ?" ಎಂದು ಕೇಳಿದ್ದರೆ ಪಕ್ಕದಲ್ಲಿದ್ದವರೇ "ದೊಡ್ಡವರಿಗೆ ಹಾಂಗ ಕೇಳ್ತಾರೇನೋ?" ಎಂದು ಗದರುತ್ತಿದ್ದರು. ಆಮೇಲೆ ಫೋನಿನಲ್ಲಿ "ನೀನು ಕೇಳಲಿಲ್ಲ" ಅನ್ನುವುದು, ಕೇಳದಂತೆ ಮಾಡಿದ ಸಲುಗೆಯ ಲಾಭವನ್ನು ಜೇಬಿಗೆ ಹಾಕಿಕೊಂಡ ಮೇಲೆ ಆಡಿದ ಮಾತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸುವುದು ಅದೇ. ಏಳು ಲೀಟರಿನ ಮಾತನ್ನಾದರೂ ಉತ್ಸಾಹ ಎನ್ನಬಹುದು. ಇದನ್ನು ಎನ್ನಲಾಗದು.

ಪ್ರಾಚೀನ ರೋಮಿನ ಸಿಸೆರೊ ಇಂಥದ್ದೇ ಒಂದು ಜಗಳವನ್ನು ದಾಖಲಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಬರ. ವ್ಯಾಪಾರಿಯೊಬ್ಬ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂದು ಅವನೊಬ್ಬನಿಗೇ ಗೊತ್ತು. ಹೇಳಬೇಕೆ? ಹೇಳದಿರುವುದು ಮುಚ್ಚಿಡುವುದಲ್ಲ ಎಂದು ಡಯೋಜಿನಿಸ್ ಎಂಬ ದಾರ್ಶನಿಕ, ಹೇಳಲೇಬೇಕು ಎಂದು ಅವನ ಶಿಷ್ಯ ಆಂಟಿಪೇಟರ್. ಸಿಸೆರೊ ಶಿಷ್ಯನ ಕಡೆ ವಾಲುತ್ತಾನೆ. ನಾನು ಆ ವ್ಯಾಪಾರಿಗೆ ಔರಾದಿನ ರೈತನಿಗಿಂತ ಹೆಚ್ಚು ರಿಯಾಯಿತಿ ಕೊಡುತ್ತೇನೆ. ವ್ಯಾಪಾರಿಯ ಬಳಿ ಕಲಿಯಲು ಯಾರೂ ಬಂದಿರಲಿಲ್ಲ.

ಇನ್ನು ರೋಗ ಮುಚ್ಚಿಡುವ ವಿಷಯ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ದನದ ಜಾತ್ರೆ, ಸಂತೆಗಳನ್ನೇ ನಿಲ್ಲಿಸಿದರು. ಆಗ ಗಂಟೆದ್ದ ದನವನ್ನು ಝೂಲು ಹೊದಿಸಿ ತಂದವನಿದ್ದರೆ ಅವನ ಬಗ್ಗೆ ಎರಡು ಅಭಿಪ್ರಾಯ ಇರುತ್ತಿರಲಿಲ್ಲ. ರೋಗ ಮುಚ್ಚಿದರೆ ಪಾಪ, ಸರಾಸರಿ ಮುಚ್ಚಿದರೆ ಜಾಣತನ ಎಂಬ ಗೆರೆಯನ್ನು ನಾವೇಕೆ ಎಳೆದುಕೊಂಡಿದ್ದೇವೆ? ರೋಗ ದನವನ್ನು ಕೊಲ್ಲುತ್ತದೆ. ತಪ್ಪು ಸರಾಸರಿಯ ಮೇಲೆ ಎತ್ತಿದ ಸಾಲ ಮನೆಯ ಮೂರು ವರ್ಷ ತಿನ್ನುತ್ತದೆ. ಅದರಲ್ಲೂ ಈಗ. ಬೀದರಿನ ಹೊಲಗಳನ್ನು ಸೋಯಾ ಆವರಿಸಿ ಜೋಳ ಹಿಂದೆ ಸರಿದ ಮೇಲೆ ಕಣಿಕೆ ಮೊದಲಿನಂತೆ ಮನೆಯ ಬಣವೆಯಿಂದ ಎಳೆದು ಹಾಕುವ ವಸ್ತುವಾಗಿ ಉಳಿದಿಲ್ಲ, ಕೊಂಡು ತರಬೇಕು. ಏಳು ಲೀಟರ್ ಹಾಲು ಬರುವ ಲೆಕ್ಕದಲ್ಲಿ ಕೊಂಡ ಮೇವನ್ನು ಮೂರು ಲೀಟರಿನ ಆಕಳೂ ತಿನ್ನುತ್ತದೆ.

ಹುಡುಗನದೂ ತಪ್ಪಿದೆ. ಔರಾದಿಗೆ ಹೋದವನು ಒಂದು ರಾತ್ರಿ ಉಳಿದು ಎರಡು ಹೊತ್ತಿನ ಹಾಲು ಕರೆಸಿ ನೋಡಬಹುದಿತ್ತು. ಅವನ ತಾಲ್ಲೂಕಿನಲ್ಲೇ ಕಟ್ಟಿತೂಗಾಂವಿನಲ್ಲಿ ವಿಶ್ವವಿದ್ಯಾಲಯದ ದೇವಣಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಆಕಳುಗಳು ಗೊಂಡೆ, ಎಣ್ಣೆಗಳಿಲ್ಲದೆ ದಿನನಿತ್ಯದ ರೂಪದಲ್ಲಿ ನಿಂತಿರುತ್ತವೆ. ಮೇಳಕ್ಕೆ ಬರುವ ಮೊದಲು ಅಲ್ಲಿಗೊಮ್ಮೆ ಹೋಗಿಬಂದಿದ್ದರೆ ಏಳು ಎಂದಾಗ ಅವನ ಹುಬ್ಬು ಏರುತ್ತಿತ್ತು. ಕರಾರು ಕಾಯ್ದೆಯ 19ನೇ ಕಲಮೂ ಈ ಮಾತಿನಲ್ಲಿ ಕಟುವಾಗಿದೆ: ಸಾಧಾರಣ ಎಚ್ಚರಿಕೆಯಿಂದ ನಿಜ ತಿಳಿಯುವ ದಾರಿ ನಿನಗಿದ್ದಿದ್ದರೆ, ಎದುರಿನವನ ಮೌನವನ್ನು ತೋರಿಸಿ ಕರಾರು ಮುರಿಯಲಾರೆ. ಕೋರ್ಟಿಗೆ ಹೋದರೆ ಹುಡುಗನಿಗೆ ಬಸ್ಸಿನ ಖರ್ಚೂ ಹುಟ್ಟದು.

ಹಾಗಾದರೆ ರೈತ ಏನು ಹೇಳಬೇಕಿತ್ತು? "ಏಳು ಕೊಟ್ಟದ, ಈದು ಒಂದು ತಿಂಗಳಾದಾಗ. ಈಗ ನಾಲ್ಕು ಕೊಡ್ತದ. ಇದರ ತಂಗಿಗೆ ಮೊದಲ ಸೂಲು, ಇನ್ನೂ ಕಡಿಮಿ." ಅಷ್ಟೇ. ಇದರಿಂದ ಅವನ ಆಕಳ ಸೌಂದರ್ಯವೂ ಬಹುಮಾನವೂ ಕುಗ್ಗುತ್ತಿರಲಿಲ್ಲ. ತಂಗಿಯ ಬೆಲೆ ಒಂದಿಷ್ಟು ಇಳಿಯುತ್ತಿತ್ತು. ಅವನು ಈ ಮಾತು ಆಡದಿದ್ದದ್ದು ಆ ಒಂದಿಷ್ಟಕ್ಕಾಗಿಯೇ ಎಂದು ನಾನು ಆಣೆ ಮಾಡಲಾರೆ. ಸುತ್ತ ಜನ ನಿಂತಾಗ ಸಣ್ಣ ಅಂಕಿ ಹೇಳಲು ಯಾರಿಗೂ ನಾಲಿಗೆ ಏಳುವುದಿಲ್ಲ. ಮೇಳ ನಡೆಸುವವರು ಇದನ್ನು ಬಲ್ಲರು, ಬಲ್ಲೂ ಆಕಳ ಮುಂದೆ ಮಾಲೀಕನ ಹೆಸರು, ಊರು, ತಳಿ ಬರೆದ ಫಲಕ ತೂಗುಹಾಕಿ ಸುಮ್ಮನಾಗುತ್ತಾರೆ. ಸೂಲಿನ ಒಟ್ಟು ಹಾಲು ಎಂಬ ಇನ್ನೊಂದು ಸಾಲು ಅಲ್ಲಿರಬೇಕು. ಬರೆಯಲು ಒಪ್ಪದವನು ಆಕಳನ್ನು ತರಬಾರದು. ಅಂಥ ಸಾಲಿದ್ದರೆ ರೈತನಿಗೂ ಜನರ ಮುಂದೆ ಬಾಯಿ ತೆರೆಯುವ ಕಷ್ಟ ತಪ್ಪುತ್ತಿತ್ತು.

ಆಕಳನ್ನು ಅವನು ವಾಪಸು ಪಡೆಯಬೇಕೇ? ಬೇಡ. ಹುಡುಗ ಕಣ್ಣಾರೆ ನೋಡಿ ಕೊಂಡಿದ್ದಾನೆ, ಆಕಳು ಚೆನ್ನಾಗಿದೆ, ಮುಂದಿನ ಸೂಲಿಗೆ ಹಾಲು ಏರಲೂಬಹುದು. ಹಣ? ಏಳರ ಬೆಲೆಗೂ ಮೂರರ ಬೆಲೆಗೂ ಇರುವ ವ್ಯತ್ಯಾಸದಲ್ಲಿ ಅರ್ಧವನ್ನು ಅವನು ಕೊಡಬೇಕೆಂದು ನನ್ನ ತೀರ್ಮಾನ. ಇನ್ನರ್ಧ ಹುಡುಗನ ಅವಸರದ ಬಾಬ್ತು. ರೊಕ್ಕ ಕೈಯಲ್ಲಿಲ್ಲದಿದ್ದರೆ ಅಷ್ಟರ ಬೆಲೆಯ ಕಣಿಕೆ ಹೇರಿ ಕಳಿಸಲಿ. ಬೇಸಿಗೆಯಲ್ಲಿ ಭಾಲ್ಕಿಯ ಹುಡುಗನಿಗೆ ಅದು ರೊಕ್ಕಕ್ಕಿಂತ ಹೆಚ್ಚು ಬೇಕಾಗುತ್ತದೆ, ಟೆಂಪೋದ ಬಾಡಿಗೆಯನ್ನು ಕಾಕಾನೇ ಕೊಡಬೇಕು.